ಶ್ರೀರಂಗಪಟ್ಟಣದಲ್ಲಿ ಶುರುವಾಗುವ ಇಂಗ್ಲಿಷ್ ಕಾದಂಬರಿ

ಎಂ.ಎ.ಯಲ್ಲಿ ನಮಗೆ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ಪಾಠಕ್ಕಿತ್ತು. ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಅಂತ ಬರೆದುಕೊಂಡೆವು. ಕಥೆಯನ್ನು ಹಲವು ಪಾತ್ರಗಳು ಹೇಳುತ್ತವೆ, ಅದರ ಮೇಲೆ ಪ್ರಶ್ನೆ ಬರುತ್ತದೆ ಅಂದರು. ಅಷ್ಟೇ. ಮೊದಲ ಪುಟದಲ್ಲೇ ಇದ್ದ ಊರಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅದು ನಮ್ಮ ಶ್ರೀರಂಗಪಟ್ಟಣ!

1799ರ ಮೇ 4, ಟಿಪ್ಪುವಿನ ಕೋಟೆ ಬಿದ್ದ ದಿನ. ಸೈನಿಕರು ಲೂಟಿಗೆ ಇಳಿದಿದ್ದಾರೆ. ಆಯುಧಶಾಲೆಯಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ನಿಂತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ. ಕಠಾರಿಯ ಹಿಡಿಯಲ್ಲಿ ವಜ್ರ. ಹರ್ನ್‌ಕಾಸಲ್ ಕಲ್ಪನೆ, ಲೂಟಿ ಕಲ್ಪನೆಯಲ್ಲ. ಅವತ್ತು ಕೈವಶವಾದ ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಮುಂದೆ ಯಾರ್ಕ್‌ಷೈರಿನ ದೊಡ್ಡ ಮನೆಯೊಂದರಲ್ಲಿ ಆ ವಜ್ರ ಕಳುವಾಗುತ್ತದೆ. ಪೊಲೀಸರು ಬರುತ್ತಾರೆ. ಮನೆಗೆಲಸದವರ ಮೇಲೆ ಅನುಮಾನ ಬೀಳುತ್ತದೆ. ಆದರೆ ವಜ್ರ ಆ ಮನೆಗೆ ಬಂದದ್ದೇ ಕೊಲೆ, ಕಳ್ಳತನದಿಂದ ಅಲ್ವಾ?

ಕಾದಂಬರಿ ಬಂದದ್ದು 1868ರಲ್ಲಿ. 1857ರ ದಂಗೆ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಆ ದಂಗೆಯ ಸಿಟ್ಟಿನಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ತನ್ನ ಕೈಲಾದರೆ ಭಾರತೀಯರ ಜನಾಂಗವನ್ನೇ ಅಳಿಸಿಹಾಕುತ್ತೇನೆ ಎಂಬರ್ಥದಲ್ಲಿ ಒಂದು ಪತ್ರ ಬರೆದಿದ್ದ. ಬಡ ಮಕ್ಕಳಿಗಾಗಿ ಅಷ್ಟು ಮರುಗಿದ ಡಿಕನ್ಸ್! ಅದನ್ನು ಓದಿದಾಗ ನನಗೆ ತುಂಬಾ ನೋವಾಗಿತ್ತು. ಮೂನ್‌ಸ್ಟೋನ್ ಧಾರಾವಾಹಿಯಾಗಿ ಬಂದದ್ದು ಅದೇ ಡಿಕನ್ಸನ ಪತ್ರಿಕೆಯಲ್ಲಿ. ಅಲ್ಲೇ ಕಾಲಿನ್ಸ್ ಕಳ್ಳತನದ ಕಳಂಕವನ್ನು ಇಂಗ್ಲಿಷ್ ಅಧಿಕಾರಿಗೆ ಹಚ್ಚಿದ. ಕೊನೆಗೆ ವಜ್ರ ಸೋಮನಾಥದ ದೇವರ ಹಣೆಗೆ ಮರಳುವಂತೆ ಮಾಡಿದ. ಪಂಜಾಬಿನಿಂದ ಒಯ್ದ ಕೊಹಿನೂರ್ ಆಗ ರಾಣಿಯ ಬಳಿ ಇತ್ತು. ಕಾಲಿನ್ಸ್ ಮುನ್ನುಡಿಯಲ್ಲಿ ಅದರ ಹೆಸರನ್ನೂ ಎತ್ತುತ್ತಾನೆ. ವಜ್ರ ಕಾಯುವ ಬ್ರಾಹ್ಮಣರನ್ನು ಅವನು ನಿಗೂಢ ಮನುಷ್ಯರಂತೆ ಚಿತ್ರಿಸಿದ್ದು ನನಗೆ ಇಷ್ಟವಿಲ್ಲ. ಆದರೂ ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಇಸವಿಗಳು ಗೊತ್ತಿಲ್ಲದೆ ಓದಿದರೆ ಆ ಧೈರ್ಯ ಕಾಣುವುದೇ ಇಲ್ಲ.

ವಜ್ರ ಕಳುವಾದ ಗುಟ್ಟಿನ ಹಿಂದಿರುವ ಲಾಡನಮ್ ಕಥೆಯೂ ಹಾಗೆಯೇ. ಅಫೀಮಿನ ಆ ಔಷಧಿ ಆಗ ಇಂಗ್ಲೆಂಡಿನ ಮನೆಮನೆಯಲ್ಲಿತ್ತು. ಕಾಲಿನ್ಸ್‌ಗೇ ಅದರ ಚಟ ಹತ್ತಿತ್ತು. ಅದರ ಮಾರಾಟಕ್ಕೆ ಕಾನೂನಿನ ಕಡಿವಾಣ ಬಿದ್ದದ್ದೂ 1868ರಲ್ಲೇ. ಇದು ತಿಳಿಯದಿದ್ದರೆ ಕಾದಂಬರಿಯ ಗುಟ್ಟು ಸುಮ್ನೆ ಕಣ್ಕಟ್ಟು ಅನಿಸುತ್ತದೆ.

ಈಗ ನಾನೇ ಪಾಠ ಮಾಡುತ್ತೇನೆ. ಮೊದಲ ಎರಡು ತರಗತಿ ಶ್ರೀರಂಗಪಟ್ಟಣದ ಆ ನಾಲ್ಕಾರು ಪುಟಗಳಿಗೇ ಮೀಸಲು. ಸಿಲಬಸ್ ಹಿಂದೆ ಬೀಳುತ್ತದೆ. ಬೀಳಲಿ.