ಕೊಟ್ಟ ನಾಯಿಯನ್ನು ವಾಪಸ್ ಕೇಳಬಹುದಾ?

ಪರ: ಕೇಳಬಹುದು, ಕೋರ್ಟೂ ಕಿವಿಗೊಡಬೇಕು

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ಕೊನೆಗೆ ನನ್ನ ತಲೆಗೆ ಬಂತು. ನಾಯಿ ಕೊಟ್ಟವರನ್ನು ಬೈಯುವುದು ಸುಲಭ ಅಲ್ವಾ, ಎಲ್ಲರೂ ಆ ಕಡೆ ಹೋಗಿ ನಿಂತುಬಿಡುತ್ತಾರೆ.

ಕಾನೂನಿನ ಲೆಕ್ಕದಲ್ಲಿ ನಾಯಿ ಒಂದು ಆಸ್ತಿ. ಕೇಳಲು ಚೆನ್ನಾಗಿಲ್ಲ, ಆದರೆ ಬಹಳಷ್ಟು ದೇಶಗಳಲ್ಲಿ ಇವತ್ತಿಗೂ ಹೀಗೇ. ಆಸ್ತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಾಗ ಅದು ದಾನವೂ ಆಗಿರಬಹುದು, ಸ್ವಲ್ಪ ಕಾಲ ನೋಡಿಕೊಂಡಿರಿ ಅಂತ ಕೊಟ್ಟಿದ್ದೂ ಆಗಿರಬಹುದು. ಎರಡನೆಯದಕ್ಕೆ ವಕೀಲರು ಬೇಲ್‌ಮೆಂಟ್ ಅನ್ನುತ್ತಾರೆ. ಭಾರತದ 1872ರ ಕರಾರು ಕಾಯ್ದೆಯ 148ನೇ ಸೆಕ್ಷನ್ ಅದರದ್ದೇ. ಕೊಟ್ಟ ಉದ್ದೇಶ ಮುಗಿದ ಮೇಲೆ ವಾಪಸ್ ಕೊಡಬೇಕು. ಪುಕ್ಕಟೆ ನೋಡಿಕೊಂಡಿದ್ದರೆ ಆದ ಖರ್ಚನ್ನು ಕೇಳಿ ಪಡೆಯಬಹುದು, ಅದು ನ್ಯಾಯ. ಆದರೆ ಖರ್ಚು ಮಾಡಿದ ಮಾತ್ರಕ್ಕೆ ನಾಯಿ ಅವರದಾಗುವುದಿಲ್ಲ. ಅವರು ಅದನ್ನು ಮೂರನೆಯವರಿಗೆ ಕೊಟ್ಟುಬಿಟ್ಟರೆ ಆ ಮೂರನೆಯವರದೂ ಆಗುವುದಿಲ್ಲ. ತಮ್ಮದಲ್ಲದ್ದನ್ನು ಅವರು ಕೊಡುವುದಾದರೂ ಹೇಗೆ?

ನಾಯಿ ಕೊಡುವವರು ಯಾರು ನೋಡಿ. ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದವರು. ನಾಯಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಮನೆ ಓನರ್ ಹೇಳಿದ ಬಾಡಿಗೆದಾರರು. ಗಂಡನ ಹೊಡೆತ ತಾಳಲಾರದೆ ರಾತ್ರೋರಾತ್ರಿ ಮನೆ ಬಿಟ್ಟವರು. ಇಂಥವರು ಸ್ಟಾಂಪ್ ಪೇಪರ್ ಹುಡುಕಿಕೊಂಡು ಹೋಗುತ್ತಾರಾ? 'ಸ್ವಲ್ಪ ನೋಡ್ಕೊಳ್ಳಿ' ಅಂದು ಬೆಲ್ಟನ್ನು ಕೈಗಿಟ್ಟು ಹೋಗುತ್ತಾರೆ. ನಾಳೆ ಅದೇ ಅವರಿಗೆ ಮುಳುವಾಗುತ್ತದೆ.

2005ರಲ್ಲಿ ಅಮೆರಿಕಕ್ಕೆ ಕತ್ರಿನಾ ಚಂಡಮಾರುತ ಬಂದಾಗ ಎಷ್ಟೋ ಜನ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕಾಯಿತು. ಆಮೇಲೆ ಬಂದ ತಂಡಗಳು ಆ ನಾಯಿಗಳನ್ನು ಉಳಿಸಿ ದೂರದ ರಾಜ್ಯಗಳಿಗೆ ಸಾಗಿಸಿದವು. ಅಲ್ಲಿ ಅವಕ್ಕೆ ಹೊಸ ಮನೆ, ಹೊಸ ಹೆಸರು. ಹಳೇ ಮಾಲೀಕರು ಹುಡುಕಿಕೊಂಡು ಹೋದಾಗ ಕೆಲವರು ಕೊಡಲು ಒಪ್ಪಲಿಲ್ಲ, ಕೇಸುಗಳಾದವು. ಮನೆ ಮಠ ಎಲ್ಲ ಮುಳುಗಿಸಿಕೊಂಡವರಿಗೆ 'ನಾಯಿ ಈಗ ಇಲ್ಲೇ ಚೆನ್ನಾಗಿದೆ' ಅಂತ ಹೇಳುವುದು ಯಾವ ನ್ಯಾಯ?

ಹಾಗಂತ ಐದು ವರ್ಷ ಫೋನೂ ಮಾಡದೆ, ಒಂದು ದಿನ ಬಂದು ಗೇಟ್ ಬಡಿಯುವವರ ಪರ ನಾನಿಲ್ಲ. ಕೇಳುವುದಕ್ಕೆ ಒಂದು ಗಡುವು ಇರಲಿ. ಎಷ್ಟು ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಆರು ತಿಂಗಳು ಅನ್ನೋಣ ಅಂದರೆ ಆರೂವರೆ ತಿಂಗಳಿಗೆ ಆಸ್ಪತ್ರೆಯಿಂದ ಎದ್ದು ಬಂದವರು ಏನು ಮಾಡಬೇಕು? ಅದಕ್ಕೇ ಬಾಗಿಲನ್ನು ಪೂರ್ತಿ ಮುಚ್ಚಬೇಡಿ ಅನ್ನುತ್ತಿದ್ದೇನೆ, ಅಷ್ಟೇ.

ವಿರೋಧ: ನಾಯಿ ಈಗ ಎಲ್ಲಿದೆಯೋ ಅಲ್ಲೇ ಇರಲಿ

ಇಲ್ಲ. ಕೇಳಬಾರದು. ಕೇಳಿದರೂ ಕೊಡಬಾರದು.

ಆ ಕಡೆಯವರು ಆಸ್ಪತ್ರೆ, ಚಂಡಮಾರುತ ಎಲ್ಲ ತಂದು ಕಣ್ಣಲ್ಲಿ ನೀರು ಬರಿಸಿದ್ದಾರೆ. ಸರಿ, ಚಂಡಮಾರುತ ಬಂದಾಗ ಆ ಮಾತಾಡೋಣ. ದಿನನಿತ್ಯ ನಡೆಯುವುದು ಅದಲ್ಲ. ದಿನನಿತ್ಯ ನಡೆಯುವುದು ಏನು ಅಂದರೆ, ಮರಿ ಮುದ್ದಾಗಿತ್ತು ಅಂತ ತಂದರು, ಬೆಳೆಯಿತು, ಸೋಫಾ ಹರಿಯಿತು, ಬೇರೆ ಊರಿಗೆ ವರ್ಗ ಆಯಿತು, ಯಾರಿಗೋ ದಾಟಿಸಿದರು. ಆಮೇಲೆ ಮನಸ್ಸು ಬದಲಾಯಿತು. ಅವರ ಪ್ರಕಾರ ನಾಯಿ ಅಂದರೆ ಲಾಕರಿನಲ್ಲಿಟ್ಟ ಒಡವೆ, ಬೀಗದ ಕೈ ತಂದರೆ ಹಾಗೇ ಸಿಗಬೇಕು.

ನನ್ನ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಪರಿಚಯದವರೊಬ್ಬರು ಕೆಲಸದ ಮೇಲೆ ಬೇರೆ ದೇಶಕ್ಕೆ ಹೊರಟರು. ಕರಿಯನನ್ನು ತಂದು ಬಿಟ್ಟರು. ಜೊತೆಗೆ ಒಂದು ಬೆಲ್ಟು, ತಳದಲ್ಲಿ ಸ್ವಲ್ಪ ಫುಡ್ ಉಳಿದಿದ್ದ ಚೀಲ, ಲಸಿಕೆ ಪುಸ್ತಕ. ಬಂದಾಗಲೇ ಅವನ ಒಂದು ಕಿವಿ ಸೋರುತ್ತಿತ್ತು. ಅದನ್ನು ಅವರು ಹೇಳಿರಲೇ ಇಲ್ಲ. ಕಿವಿಗೆ ದಿನಾ ಎರಡು ಹೊತ್ತು ಔಷಧಿ ಬಿಡಬೇಕು. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳದೆ ಹಾಗೇ ತಣ್ಣಗೆ ಬಿಟ್ಟರೆ ಗುರ್ ಅಂದು ಮಂಚದ ಕೆಳಗೆ ಸೇರುತ್ತಿದ್ದ, ಆಮೇಲೆ ಏನು ತೋರಿಸಿದರೂ ಹೊರಗೆ ಬರುತ್ತಿರಲಿಲ್ಲ. ಮೊದಮೊದಲು ನನ್ನ ಕೈ ನೋಡಿದರೇ ಓಡುತ್ತಿದ್ದವನು ಬರಬರುತ್ತಾ ಬಾಟಲಿ ತೆಗೆದ ತಕ್ಷಣ ತಾನೇ ಬಂದು ತಲೆ ವಾಲಿಸಿ ಕೂರುವ ಹಾಗಾದ. ಈ ಕೆಲಸ ಮಾಡಿದವರು ಯಾರು?

ವರ್ಷ ದಾಟಿದ ಮೇಲೆ ಒಂದು ಮೆಸೇಜ್ ಬಂತು. 'ನಾವು ವಾಪಸ್ ಬಂದಿದ್ದೇವೆ, ಭಾನುವಾರ ಕರಿಯನನ್ನು ಕರೆದುಕೊಂಡು ಹೋಗುತ್ತೇವೆ.' ಪ್ರಶ್ನೆಯಲ್ಲ, ಸುಮ್ನೆ ತಿಳಿಸಿದ್ದು! ನಾನು ಆಗುವುದಿಲ್ಲ ಅಂದೆ. ಆಮೇಲೆ ವಕೀಲರ ನೋಟಿಸ್ ಬಂತು. ಅದರಲ್ಲಿ 'ಒಂದು ಗಂಡು ನಾಯಿ, ಬಣ್ಣ ಕಪ್ಪು' ಅಂತ ಬರೆದಿತ್ತು. ಹೆಸರೂ ಇರಲಿಲ್ಲ. ಪೊಲೀಸರ ಹತ್ತಿರವೂ ಹೋಗಿದ್ದರಂತೆ, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಅಂತ ಕಳಿಸಿದ್ದಾರೆ.

ಅವರ ಸಾಕ್ಷಿ ಲಸಿಕೆ ಪುಸ್ತಕದ ಮೊದಲ ಪುಟ. ಅಲ್ಲಿ ಅವರ ಹೆಸರಿದೆ, ನಿಜ. ಪುಟ ತಿರುಗಿಸಿದರೆ ಅವರು ಹಾಕಿಸಿದ್ದು ಮರಿಯಾಗಿದ್ದಾಗಿನ ಲಸಿಕೆಗಳು ಮಾತ್ರ. ಆಮೇಲಿನ ಸ್ಟಿಕ್ಕರ್‌ಗಳೆಲ್ಲ ನಾನು ಹೋಗಿ ಹಾಕಿಸಿದವು. ಇನ್ನೊಂದು ಸಾಕ್ಷಿ ಚಿಪ್. ಈ ಚಿಪ್ ಬಗ್ಗೆ ಜನಕ್ಕೆ ಏನೇನೋ ಕಲ್ಪನೆ. ಚರ್ಮದ ಅಡಿಯಲ್ಲಿರುವ ಒಂದು ಸೆಂಟಿಮೀಟರ್ ಚಿಲ್ಲರೆ ಉದ್ದದ ಕೊಳವೆ ಅದು, ಒಳಗೆ ಇರುವುದು 15 ಅಂಕಿಯ ಒಂದು ನಂಬರ್, ಅಷ್ಟೇ. ಹೆಸರು, ಫೋನ್ ನಂಬರ್ ಎಲ್ಲ ಇರುವುದು ಎಲ್ಲೋ ಒಂದು ಡೇಟಾಬೇಸಿನಲ್ಲಿ, ಅದನ್ನು ಬದಲಾಯಿಸಲು ಯಾರಿಗೂ ನೆನಪಿರುವುದಿಲ್ಲ. ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗೆ ಚಿಪ್ ಕಡ್ಡಾಯ. ಅಲ್ಲೂ ದಾಖಲಾಗುವುದು ನಾಯಿಯನ್ನು ಇಟ್ಟುಕೊಂಡವರ ಹೆಸರು, ಅದೊಂದರಿಂದಲೇ ಮಾಲೀಕತ್ವ ಸಾಬೀತಾಗುವುದಿಲ್ಲ.

ನನ್ನನ್ನು ಉಳಿಸಿದ್ದು ಅವರದೇ ಹಳೇ ಮೆಸೇಜ್. 'ಇನ್ನು ಮೇಲೆ ಇವನು ನಿಮ್ಮವನು, ಚೆನ್ನಾಗಿ ನೋಡಿಕೊಳ್ಳಿ' ಅಂತ ವಿಮಾನ ಹತ್ತುವ ಮುಂಚೆ ಕಳಿಸಿದ್ದು. ನಮ್ಮ ವಕೀಲರು ಅದನ್ನು ನೋಡಿ ನಕ್ಕೇಬಿಟ್ಟರು. ಇದು ದಾನ ಆಗಿಹೋಯಿತು ಅಂದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕೊಟ್ಟು, ತೆಗೆದುಕೊಂಡು ಆದ ಮೇಲೆ, ಕೊಟ್ಟವರ ಮನಸ್ಸು ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ದಾನವನ್ನು ರದ್ದು ಮಾಡಲು ಬರುವುದಿಲ್ಲ. ಉತ್ತರ ಬರೆದು ಕಳಿಸಿದೆವು. ಆ ಕಡೆಯಿಂದ ಮತ್ತೆ ಸದ್ದಿಲ್ಲ.

ಬೇಲ್‌ಮೆಂಟು ಗೀಲ್‌ಮೆಂಟು ಅಂತ ಸೆಕ್ಷನ್ ಹೇಳುವವರಿಗೆ ನಾನೂ ಒಂದು ಕೇಸು ಹೇಳುತ್ತೇನೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಒಬ್ಬರ ನಾಯಿ ತಪ್ಪಿಸಿಕೊಂಡಿತು. ಸಿಕ್ಕವರು ಊರೆಲ್ಲ ನೋಟಿಸ್ ಅಂಟಿಸಿದರು, ರೇಡಿಯೋದಲ್ಲಿ ಹೇಳಿಸಿದರು, ಯಾರೂ ಬರಲಿಲ್ಲ, ಸಾಕಿಕೊಂಡರು. ವರ್ಷದ ಮೇಲೆ ಮಾಲೀಕರು ಬಂದರು. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಾಯಿಯನ್ನು ಸಾಕಿದವರಿಗೇ ಉಳಿಸಿತು. ಕಳೆದುಕೊಂಡವರಿಗೇ ಸಿಗಲಿಲ್ಲ, ಇನ್ನು ತಾವಾಗಿಯೇ ಕೊಟ್ಟವರಿಗೆ ಯಾಕೆ ಸಿಗಬೇಕು?

ಜರ್ಮನಿ 1990ರಲ್ಲೇ ತನ್ನ ಸಿವಿಲ್ ಸಂಹಿತೆಯಲ್ಲಿ ಪ್ರಾಣಿಗಳು ವಸ್ತುಗಳಲ್ಲ ಅಂತ ಬರೆದುಕೊಂಡಿತು. ಅಲಾಸ್ಕಾದಲ್ಲಿ 2017ರಿಂದ, ಸ್ಪೇನ್‌ನಲ್ಲಿ 2022ರಿಂದ, ಗಂಡ ಹೆಂಡತಿ ಬೇರೆಯಾದಾಗ ನಾಯಿ ಯಾರ ಹತ್ತಿರ ಇರಬೇಕು ಅಂತ ತೀರ್ಮಾನಿಸುವಾಗ ನಾಯಿಯ ಹಿತವನ್ನೂ ನೋಡುತ್ತಾರೆ. ಇವು ವಿಚ್ಛೇದನದ ಕಾನೂನು, ಗೊತ್ತು. ಇರಲಿ, ಗಂಡ ಹೆಂಡತಿ ಜಗಳದಲ್ಲಿ ನಾಯಿಯ ಹಿತ ಕೇಳುವ ಜಡ್ಜ್ ನಮ್ಮ ಜಗಳದಲ್ಲಿ ಯಾಕೆ ಕೇಳಬಾರದು? ಕಿವಿಗೆ ಔಷಧಿ ಬಿಟ್ಟವರು ಯಾರು, ಗುಡುಗಿದಾಗ ಪಕ್ಕದಲ್ಲಿ ಕೂತವರು ಯಾರು, ಅದನ್ನು ಕೇಳಲಿ ಮೊದಲು. ರಸೀದಿ ಆಮೇಲೆ ನೋಡಲಿ.

ಗಡುವು ಇರಲಿ ಅಂತಾರೆ ಆ ಕಡೆಯವರು, ಎಷ್ಟು ಅಂತ ಅವರಿಗೇ ಗೊತ್ತಿಲ್ಲ. ಗಡುವು ಕೊಟ್ಟರೆ ಅಷ್ಟು ದಿನವೂ ಸಾಕುವವರು ನೋಟಿಸಿಗೆ ಕಾಯುತ್ತಾ ಕೂರಬೇಕು. ಈಗ ಯಾರಾದರೂ ನಾಯಿ ಇಟ್ಟುಕೊಳ್ಳುತ್ತೀರಾ ಅಂತ ಬಂದರೆ ನಾನು ಮೊದಲು ಒಂದು ಹಾಳೆ ಮುಂದಿಡುತ್ತೇನೆ. ನಾಯಿಯ ಗುರುತು, ತಾರೀಖು, 'ಪೂರ್ತಿಯಾಗಿ ಕೊಟ್ಟಿದ್ದೇನೆ, ವಾಪಸ್ ಕೇಳುವುದಿಲ್ಲ' ಅನ್ನುವ ಸಾಲು, ಎರಡೂ ಕಡೆಯ ಸಹಿ. ಚಿಪ್ ಇದ್ದರೆ ಹೆಸರು ಬದಲಾವಣೆ ಅವತ್ತೇ, ಅವರ ಎದುರಿಗೇ. ಸಹಿ ಮಾಡಲು ಕೈ ಹಿಂದೆಮುಂದೆ ಆದರೆ ಬಾಗಿಲಲ್ಲೇ ಹೇಳಿಬಿಡುತ್ತೇನೆ, ನಾಯಿಯನ್ನು ಕರೆದುಕೊಂಡು ಹೋಗಿ ಅಂತ.