ಬ್ಯಾನರಿನ ಬಲತುದಿ

ಕುಮಟಾದ ಬಳಿ ಬೇಸಿಗೆ ರಜೆಯಲ್ಲಿ ಮುಗಿಸಿ ಬಂದ ಐದು ದಿನಗಳ ವಸತಿ ತರಬೇತಿಯ ಪ್ರಮಾಣಪತ್ರ ಇಂದಾದರೂ ಬಂದೀತೆಂದು ಬೆಳಿಗ್ಗೆ ಮೊಬೈಲ್ ತೆರೆದರೆ ನೋಟಿಸು ಬಂದು ಕೂತಿತ್ತು: ‘ಸಮೂಹ ಚಿತ್ರಗಳಲ್ಲಿ ತಮ್ಮ ಮುಖ ಕಾಣದಿರುವುದರಿಂದ ಹಾಜರಾತಿಯ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು.’

ಕಾಣುವುದಾದರೂ ಹೇಗೆ? ಉದ್ದಕ್ಕಿದ್ದೇನೆಂಬ ಒಂದೇ ಅಪರಾಧಕ್ಕೆ ‘ಕರಾವಳಿ ಪರಿಸರ ಮತ್ತು ಕಡಲ ಪರಂಪರೆ’ ಎಂಬ ಎಂಟು ಅಡಿಯ ಬ್ಯಾನರಿನ ಬಲತುದಿಯನ್ನು ಮೊದಲ ದಿನವೇ ನನ್ನ ಕೈಗೆ ಕೊಡಲಾಗಿತ್ತು. ನಮ್ಮ ಸಂಯೋಜಕರು ಬ್ಯಾನರ್ ನೆಟ್ಟಗಾಗದೆ ಏನನ್ನೂ ನೋಡಲು ಬಿಡುತ್ತಿರಲಿಲ್ಲ; ನೆಟ್ಟಗಾದ ಮೇಲೆ ಅಕ್ಷಾಂಶ, ರೇಖಾಂಶ, ದಿನಾಂಕ ಮೂಡುವ ಫೋಟೊ ಬೇಕು; ಅದು ಮೂಡುವಷ್ಟರಲ್ಲಿ ಬಸ್ಸಿನ ಹಾರನ್ ಕೇಳುತ್ತಿತ್ತು. “ಇನ್ನೊಂದು ಚೂರು ಮೇಲಕ್ಕೆ, ಸರ್” ಎಂಬ ಅವರ ದನಿ ನನಗೆ ಈಗಲೂ ಕನಸಿನಲ್ಲಿ ಕೇಳಿಸುತ್ತದೆ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಘನಾಶಿನಿ ಅಳಿವೆಯ ಕೆಸರುಬಯಲಿನ ವೀಕ್ಷಣೆ. ಹೋಗಿ ನೋಡಿದರೆ ಕೆಸರೂ ಇಲ್ಲ, ಬಯಲೂ ಇಲ್ಲ, ಕಣ್ಣು ಹಾಯುವಷ್ಟೂ ನೀರು. ಹಿಂದಿನ ವಾರದ ತಂಡದ ವೇಳಾಪಟ್ಟಿಗೆ ದಿನಾಂಕವನ್ನಷ್ಟೇ ಬದಲಿಸಿದ್ದರು. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ವಾರದಲ್ಲಿ ಆರು ಗಂಟೆಯಷ್ಟು ಸರಿಯುತ್ತವೆ. ಕಳೆದ ವಾರ ಕೆಸರಿದ್ದ ಹೊತ್ತಿಗೆ ಈ ವಾರ ಭರ್ತಿ ನೀರು. 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಗೆ ನಮ್ಮ ವೇಳಾಪಟ್ಟಿಯ ಪ್ರತಿಯನ್ನು ಯಾರೂ ತಲುಪಿಸಿರಲಿಲ್ಲ. ಆದರೂ ‘ಕೆಸರುಬಯಲು ವೀಕ್ಷಣೆ’ ಎಂಬ ಹೆಸರಿನಲ್ಲಿ ನೀರಿನೆದುರು ಫೋಟೊ ಆಯಿತು.

ಮಧ್ಯಾಹ್ನ ಮಿರ್ಜಾನ್ ಕೋಟೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆಯನ್ನು ಸಂಪನ್ಮೂಲ ವ್ಯಕ್ತಿಗಳು ಸೊಗಸಾಗಿ ಶುರುಮಾಡಿದ್ದರು. ಅಷ್ಟರಲ್ಲಿ ಬ್ಯಾನರ್ ಬಿಚ್ಚಲು ಕರೆ ಬಂತು. ಕಡಲ ಕಡೆಯಿಂದ ಬೀಸಿದ ಗಾಳಿಗೆ ಅದು ಹಾಯಿಯಂತೆ ಉಬ್ಬಿ, ಎಡತುದಿಯ ಗಣಿತದ ಮೇಷ್ಟ್ರನ್ನೂ ನನ್ನನ್ನೂ ಕೋಟೆಯ ಕಂದಕದ ಕಡೆಗೆ ನಾಲ್ಕು ಹೆಜ್ಜೆ ಎಳೆದೊಯ್ದಿತು. ಮೆಣಸು ಒಯ್ಯಲು ಹಡಗುಗಳು ಈ ತೀರಕ್ಕೆ ಹೇಗೆ ಬರುತ್ತಿದ್ದವೆಂಬ ಪಾಠ ನಮ್ಮಿಬ್ಬರಿಗೆ ಮಾತ್ರ ಪ್ರಾಯೋಗಿಕವಾಗಿ ಆಯಿತು. ರಾಣಿಯ ಕಥೆ ಅಲ್ಲಿಗೇ ನಿಂತಿತು.

ಸಂಜೆ ವೇಳಾಪಟ್ಟಿಯಲ್ಲಿ ‘ವಿಶ್ರಾಂತಿ’ ಎಂದಿತ್ತು. ಒಬ್ಬನೇ ಅಳಿವೆಯ ಕಡೆಗೆ ಹೋದೆ. ನೀರು ಇಳಿದು, ಬೆಳಿಗ್ಗೆ ಕಾಣದ ಬಯಲೆಲ್ಲ ಹೊಳೆಯುತ್ತಿತ್ತು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಕಾಯಿಗಳು ಮರದಲ್ಲೇ ಮೊಳೆತು ಹಸಿರು ಕಡ್ಡಿಗಳಂತೆ ತೂಗುತ್ತಿದ್ದವು. ಹೆಜ್ಜೆಯ ಸದ್ದಿಗೆ ಏಡಿಗಳು ಬಿಲ ಸೇರಿ, ನಾನು ನಿಂತರೆ ಮತ್ತೆ ಇಣುಕುತ್ತಿದ್ದವು. ಹೆಂಗಸೊಬ್ಬರು ನೀರಿನಲ್ಲಿ ಬಗ್ಗಿ, ಕಾಲಿನಿಂದಲೇ ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. “ಫೋಟೊ ತೆಗೆಯೂದೆಲ್ಲ ಮುಗೀತಾ, ಮಾಸ್ತರ್ರೆ?” ಎಂದರು. ನನ್ನ ಎಡಗಾಲಿನ ಚಪ್ಪಲಿಯನ್ನು ಕೆಸರು ಆಗಲೇ ನುಂಗಿತ್ತು. ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ಫೋನು ಕೋಣೆಯಲ್ಲಿ ಚಾರ್ಜಿಗಿತ್ತು.

ಆ ಸಂಜೆಯನ್ನು ಸಮಜಾಯಿಷಿಯಲ್ಲಿ ಬರೆಯುವಂತಿಲ್ಲ, ದಾಖಲೆಯಿಲ್ಲ. ಸದ್ಯಕ್ಕೆ ಇಷ್ಟು ಬರೆದಿದ್ದೇನೆ: ‘ಮಾನ್ಯರೇ, ಎಲ್ಲ ಚಿತ್ರಗಳಲ್ಲೂ ಬ್ಯಾನರಿನ ಬಲತುದಿಯಲ್ಲಿ ಕಾಣುವ ನಾಲ್ಕು ಬೆರಳುಗಳು ನನ್ನವು.’