ಪರ್ಸಿಯಸ್ ಆ ಕುದುರೆ ಹತ್ತಲೇ ಇಲ್ಲ

ಗ್ರೀಕ್ ಪುರಾಣದ ವೀರ ಪರ್ಸಿಯಸ್ ರೆಕ್ಕೆಯ ಕುದುರೆ ಪೆಗಾಸಸ್ ಏರಿ ಬಂದು ರಾಜಕುಮಾರಿ ಆಂಡ್ರೊಮಿಡಾಳನ್ನು ಕಾಪಾಡಿದ ಅಂತ ಒಂದು ಪೋಸ್ಟ್ ಓಡಾಡ್ತಿದೆ. ಚಿತ್ರವೇನೋ ಚೆನ್ನಾಗಿದೆ, ಕಥೆ ಮಾತ್ರ ಕಲಸುಮೇಲೋಗರ.

ಹಳೆಯ ಗ್ರೀಕ್ ಕಥೆಯಲ್ಲಿ ಅವನು ಹಾರಿದ್ದು ರೆಕ್ಕೆಯ ಚಪ್ಪಲಿ ಮೆಟ್ಟಿಕೊಂಡು. ಹಾವುಗಳೇ ಕೂದಲಾಗಿದ್ದ ರಾಕ್ಷಸಿ ಮೆಡೂಸಾಳ ತಲೆಯನ್ನು ಪರ್ಸಿಯಸ್ ಕಡಿದಾಗ ಅವಳ ಕತ್ತಿನಿಂದ ಪೆಗಾಸಸ್ ಹುಟ್ಟಿತು ಅನ್ನೋದು ನಿಜ, ಆದರೆ ಅದನ್ನು ಪಳಗಿಸಿ ಸವಾರಿ ಮಾಡಿ ಕೈಮೀರಾ ಎಂಬ ಬೆಂಕಿಯುಗುಳುವ ಮೃಗವನ್ನು ಕೊಂದವನು ಕಾರಿಂತ್ ನಗರದ ಬೆಲ್ಲೆರೊಫಾನ್, ಬೇರೆಯೇ ವೀರ.

ಅದೇ ಪೋಸ್ಟ್‌ನಲ್ಲಿ ಹೆರಾಕ್ಲಿಸ್ (ಹರ್ಕ್ಯುಲಿಸ್ ಅಂತ ಹೆಸರಾದ ಮಹಾಬಲಶಾಲಿ) ಪರ್ಸಿಯಸ್‌ನ ಅಣ್ಣ ಅಂತಲೂ ಇದೆ. ಅಣ್ಣನಲ್ಲ, ಮರಿಮಗ! ಪರ್ಸಿಯಸ್ ಮಗ ಎಲೆಕ್ಟ್ರಿಯಾನ್, ಅವನ ಮಗಳು ಆಲ್ಕ್‌ಮಿನಿ, ಅವಳ ಮಗ ಹೆರಾಕ್ಲಿಸ್. ಇಬ್ಬರಿಗೂ ಅಪ್ಪ ಜ್ಯೂಸ್ ದೇವರೇ ಆದ್ದರಿಂದ ಆ ಲೆಕ್ಕದಲ್ಲಿ ಸೋದರರೂ ಹೌದು, ಆದರೆ ಆಗಲೂ ಹೆರಾಕ್ಲಿಸ್ ತಮ್ಮನೇ ಅಲ್ವಾ?